ರಾಚ್ಯುರೆ ಎಲ್ಲಿದೆ? ರಷ್ಯನ್ ಊರುಗಳ ಬಹುಲಿಪಿ ಹೆಸರುಕೋಶ ಕಟ್ಟುವ ಬಗ್ಗೆ

(ಭೂಗೋಳ ಮತ್ತು ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿ ಎರಡು ಸಲ ಬಂದದ್ದನ್ನು ಒಂದು ಸಲಕ್ಕೆ ಇಳಿಸಿದ್ದೇನೆ, ಅಷ್ಟೇ.)

ಹಲಗೆಯ ಮೇಲೆ ಒಂದು ಪದ ಬರೆದಿದ್ದೇನೆ: ರಾಚ್ಯುರೆ. ಹದಿನೈದನೆಯ ಶತಮಾನದ ಒಂದು ರಷ್ಯನ್ ಬರಹದಲ್ಲಿ ಇದು ಬರುತ್ತದೆ. ಅಲ್ಲಿ ವಜ್ರ ಹುಟ್ಟುತ್ತದೆ ಎನ್ನುತ್ತಾನೆ ಬರೆದವನು. ಯಾವ ಊರು ಹೇಳಿ ನೋಡೋಣ.

(ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬರು, "ನಮ್ಮ ರಾಯಚೂರು ಇರಬಹುದೇ ಸರ್?" ಎಂದರು.)

ಹೌದು, ನಿಮ್ಮ ರಾಯಚೂರೇ. ಬರೆದವನು ಅಫನಾಸಿ ನಿಕಿತಿನ್, ತ್ವೇರ್ ಪಟ್ಟಣದ ವ್ಯಾಪಾರಿ. ವೋಲ್ಗಾ ನದಿ ಇಳಿದು, ಕಾಸ್ಪಿಯನ್ ದಾಟಿ, ಪರ್ಷಿಯಾ ಹಾದು, ಹೊರ್ಮುಜ್‌ನಲ್ಲಿ ಹಡಗು ಹತ್ತಿ, 1470ರ ಆಸುಪಾಸಿನಲ್ಲಿ ಬಹಮನಿಗಳ ಬೀದರಿಗೆ ಬಂದವನು. ಊರಿಗೆ ಮರಳುವ ದಾರಿಯಲ್ಲಿ, ಸ್ಮೊಲೆನ್ಸ್ಕ್ ತಲುಪುವ ಮೊದಲೇ ತೀರಿಕೊಂಡ. ಅವನ ಟಿಪ್ಪಣಿಗಳು ಮಾತ್ರ ಉಳಿದವು. ಬೀದರನ್ನು ಅವನು ಬೆದೆರ್ ಎನ್ನುತ್ತಾನೆ. ಕಿವಿಗೆ ಕೇಳಿಸಿದ್ದನ್ನು ತನ್ನ ಲಿಪಿಯಲ್ಲಿ ಇಳಿಸಿಕೊಂಡಿದ್ದಾನೆ.

ಇನ್ನೊಂದನ್ನು ಗಮನಿಸಿ. ಅವನ ಬರಹದಲ್ಲಿ ಇರುವುದು 'ವ್ ರಾಚ್ಯುರೆ', ಎಂದರೆ 'ರಾಯಚೂರಿನಲ್ಲಿ'. ವಿಭಕ್ತಿ ಪ್ರತ್ಯಯ ಹತ್ತಿದ ರೂಪ ಅದು. ಪ್ರತ್ಯಯ ಕಳಚಿದರೆ ಉಳಿಯುವ ಮೂಲ ಹೆಸರು 'ರಾಚ್ಯುರ್' ಎಂಬುದು ನಾವು, ಓದುವವರು, ಊಹಿಸಿದ್ದು. ಊಹೆ ಸರಿಯೇ ಇರಬಹುದು. ಆದರೂ ಅದು ಕಣ್ಣಾರೆ ಕಂಡದ್ದಲ್ಲ. ಊರುಗಳ ಹೆಸರುಕೋಶ ಕಟ್ಟುವವರು ಕಂಡದ್ದನ್ನು ಒಂದು ಖಾನೆಯಲ್ಲಿ, ಊಹಿಸಿದ್ದನ್ನು ಇನ್ನೊಂದು ಖಾನೆಯಲ್ಲಿ ಇಡಬೇಕು. ಈ ಹೊತ್ತು ನಾನು ಹೇಳಲು ಬಂದಿರುವುದು ಇಷ್ಟೇ. ಉಳಿದದ್ದೆಲ್ಲ ಇದನ್ನು ನಾನು ಹೇಗೆ ಪೆಟ್ಟು ತಿಂದು ಕಲಿತೆ ಎಂಬ ಕಥೆ.

ಮೊದಲ ಪೆಟ್ಟು ಕಲಿನಿನ್‌ಗ್ರಾದ್ ಕೊಟ್ಟದ್ದು. ಕೆಲಸಕ್ಕೆ ಸೇರಿದ ಹೊಸತರಲ್ಲಿ 1970ರ ದಶಕದ ಸೋವಿಯತ್ ಲೇಖನಗಳ ಸೂಚಿ ಮಾಡುತ್ತಿದ್ದೆ. ಅವುಗಳಲ್ಲಿ ಬರುವ ಊರುಗಳಿಗೆ ಅಕ್ಷಾಂಶ, ರೇಖಾಂಶ ಹಾಕುವುದು ನನ್ನ ಪಾಲಿನ ಕೆಲಸ. ಒಂದು ಲೇಖನದಲ್ಲಿ ಕಲಿನಿನ್‌ಗ್ರಾದ್ ಬಂತು. ಬಾಲ್ಟಿಕ್ ಕರಾವಳಿಯ ಬಂದರು, ಹಿಂದೆ ಜರ್ಮನ್ನರ ಕೋನಿಗ್ಸ್‌ಬೆರ್ಗ್, 1946ರಲ್ಲಿ ಹೆಸರು ಬದಲಾದದ್ದು, ಇಷ್ಟು ಗೊತ್ತಿತ್ತು. ಹಿಂದುಮುಂದು ನೋಡದೆ ಚುಕ್ಕಿ ಇಟ್ಟೆ. ಲೇಖನ ಇದ್ದದ್ದು ಬಾಹ್ಯಾಕಾಶ ಯಾನದ ನಿಯಂತ್ರಣ ಕೇಂದ್ರದ ಬಗ್ಗೆ. ಆ ಕೇಂದ್ರ ಇರುವುದು ಮಾಸ್ಕೋ ಪಕ್ಕದ ಇನ್ನೊಂದು ಊರಿನಲ್ಲಿ. ಆ ಊರಿಗೂ 1938ರಿಂದ 1996ರವರೆಗೆ ಕಲಿನಿನ್‌ಗ್ರಾದ್ ಎಂದೇ ಹೆಸರು. ಈಗ ಅದು ರಾಕೆಟ್ ವಿನ್ಯಾಸಕಾರನ ಹೆಸರಿನಲ್ಲಿ ಕೊರೊಲ್ಯೋವ್. 1975ರಲ್ಲಿ ಸೊಯೂಜ್ ಮತ್ತು ಅಪೊಲೊ ನೌಕೆಗಳು ಅಂತರಿಕ್ಷದಲ್ಲಿ ಕೈಕುಲುಕಿದಾಗ ಸೋವಿಯತ್ ಕಡೆಯ ನಿಯಂತ್ರಣ ನಡೆದದ್ದು ಅಲ್ಲಿಂದ. ನನ್ನ ಚುಕ್ಕಿ ಸಾವಿರ ಕಿಲೋಮೀಟರಿಗೂ ಹೆಚ್ಚು ಪಶ್ಚಿಮಕ್ಕೆ ಬಿದ್ದಿತ್ತು. ಕಂಡುಹಿಡಿದದ್ದು ನಾನಲ್ಲ, ಸೂಚಿ ಬಳಸಿದ ಓದುಗರೊಬ್ಬರು. ಅವರು ನಗಲಿಲ್ಲ, ಅದು ಅವರ ದೊಡ್ಡತನ.

ಇಷ್ಟರ ಮೇಲೆ ತ್ವೇರ್ ಪಟ್ಟಣ, ನಮ್ಮ ನಿಕಿತಿನ್‌ನ ಊರು, 1931ರಿಂದ 1990ರವರೆಗೆ 'ಕಲಿನಿನ್' ಎಂದೇ ಕರೆಸಿಕೊಂಡಿತ್ತು. ಒಬ್ಬನೇ ನಾಯಕನ ಹೆಸರು ಎಷ್ಟು ಊರುಗಳ ಹೆಗಲೇರಿತ್ತು ನೋಡಿ.

ಹಾಗಾದರೆ ಕೋಶದ ಒಂದು ನಮೂದು ಯಾವುದರ ಮೇಲೆ ನಿಲ್ಲಬೇಕು? ಹೆಸರಿನ ಮೇಲಂತೂ ನಿಲ್ಲದು. ಮೊದಲು ಜಾಗಕ್ಕೆ ಅರ್ಥವೇ ಇಲ್ಲದ ಒಂದು ಗುರುತಿನ ಸಂಖ್ಯೆ ಕೊಡಿ. ಆ ಸಂಖ್ಯೆಯ ಕೆಳಗೆ ಹೆಸರುಗಳನ್ನು ಒಂದೊಂದಾಗಿ ಜೋಡಿಸಿ. ಪ್ರತಿ ಹೆಸರಿನ ಪಕ್ಕದಲ್ಲಿ ಯಾವ ಭಾಷೆ, ಯಾವ ಲಿಪಿ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಎಲ್ಲಿ ಕಂಡದ್ದು ಎಂದು ಬರೆಯಿರಿ. ಲಿಪಿಗಳಿಗೆ ಐಎಸ್‌ಒ 15924 ಎಂಬ ಅಂತರರಾಷ್ಟ್ರೀಯ ಮಾನಕದಲ್ಲಿ ಸಂಖ್ಯೆಗಳೇ ಇವೆ: ರಷ್ಯನ್ ಬರೆಯುವ ಸಿರಿಲಿಕ್‌ಗೆ 220, ಲ್ಯಾಟಿನ್‌ಗೆ 215, ಅರಬ್ಬಿಗೆ 160, ನಮ್ಮ ಕನ್ನಡಕ್ಕೆ 345. ಜಾತಕದಲ್ಲಿ ಹುಟ್ಟಿದ ಹೊತ್ತು ಬರೆಯದೆ ಗ್ರಹ ಕೂಡಿಸಲು ಆಗುವುದಿಲ್ಲ. ಹಾಗೆಯೇ ಕಾಲ ಬರೆಯದ ಹೆಸರಿನಿಂದ ಊರು ಹುಡುಕಲೂ ಆಗುವುದಿಲ್ಲ.

ವೋಲ್ಗಾ ದಂಡೆಯ ರಿಬಿನ್ಸ್ಕ್ ನಮಗೆ ಒಳ್ಳೆಯ ಪಾಠ. 1946ರಲ್ಲಿ ಅದು ಶ್ಚೆರ್ಬಕೋವ್ ಆಯಿತು, 1957ರಲ್ಲಿ ಮತ್ತೆ ರಿಬಿನ್ಸ್ಕ್. 1984ರಲ್ಲಿ ಅಂದ್ರೋಪೋವ್, 1989ರಲ್ಲಿ ಮತ್ತೊಮ್ಮೆ ರಿಬಿನ್ಸ್ಕ್. ರಿಬಿನ್ಸ್ಕ್ ಎಂಬ ಒಂದೇ ಹೆಸರಿಗೆ ಮೂರು ಸಾಲು ಬೇಕು, ಏಕೆಂದರೆ ಅದು ಮೂರು ಬೇರೆ ಬೇರೆ ಕಾಲಗಳಲ್ಲಿ ನಡೆದಿದೆ. 'ಹಳೆಯ ಹೆಸರು, ಹೊಸ ಹೆಸರು' ಎಂದು ಎರಡೇ ಕಂಬಸಾಲು ಹಾಕಿದ ಪಟ್ಟಿಗಳನ್ನು ನಾನು ಬಹಳ ಕಂಡಿದ್ದೇನೆ. ರಿಬಿನ್ಸ್ಕ್ ಬಂದ ಕೂಡಲೇ ಅವು ತೊದಲುತ್ತವೆ. ಅದೇ ಊರಿನ ಹತ್ತಿರ ಮೊಲೊಗಾ ಎಂಬ ಪಟ್ಟಣವಿತ್ತು. 1940ರ ದಶಕದಲ್ಲಿ ರಿಬಿನ್ಸ್ಕ್ ಜಲಾಶಯದ ನೀರಿನಡಿ ಹೋಯಿತು. ಈಗ ನೆಲವೂ ಇಲ್ಲ, ಜನವೂ ಇಲ್ಲ. ಸಂಖ್ಯೆ ಮಾತ್ರ ಕೊಡಲೇಬೇಕು, ಏಕೆಂದರೆ ಹಳೆಯ ಕಾಗದಗಳಲ್ಲಿ ಮೊಲೊಗಾ ಇನ್ನೂ ಬದುಕಿದೆ. ಶರಾವತಿ, ಕೃಷ್ಣೆಯರ ಹಿನ್ನೀರಿನ ಊರುಗಳವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಕೆಲವು ಕಡೆ ಊರಿನ ಹೆಸರು ಬದಲಾಯಿತು, ಜಿಲ್ಲೆಯದು ಹಾಗೆಯೇ ಉಳಿಯಿತು. ಲೆನಿನ್‌ಗ್ರಾದ್ ನಗರ 1991ರಲ್ಲಿ ಸಾಂಕ್ತ್ ಪೆತೆರ್‌ಬುರ್ಗ್ ಆಯಿತು, ಸುತ್ತಲಿನ ಪ್ರಾಂತ್ಯ ಈಗಲೂ ಲೆನಿನ್‌ಗ್ರಾದ್ ಪ್ರಾಂತ್ಯವೇ. ಸ್ವೆರ್ದ್‌ಲೋವ್ಸ್ಕ್ ನಗರ ಯೆಕತೆರಿನ್‌ಬುರ್ಗ್ ಆಯಿತು, ಪ್ರಾಂತ್ಯ ಸ್ವೆರ್ದ್‌ಲೋವ್ಸ್ಕ್ ಆಗಿಯೇ ಇದೆ. 'ಹುಡುಕಿ ಬದಲಿಸು' ಎಂಬ ಗುಂಡಿಯನ್ನು ಇಲ್ಲಿ ಒತ್ತಿದವನು ಮಾಡುವ ಅನಾಹುತ ಮಾರನೆಯ ವರ್ಷ ಹೊರಬೀಳುತ್ತದೆ.

ಇಷ್ಟು ಹೊತ್ತು 'ಪೆತೆರ್‌ಬುರ್ಗ್' ಎನ್ನುತ್ತಿದ್ದೇನೆ, ನೀವು 'ಪೀಟರ್ಸ್‌ಬರ್ಗ್' ಎಂದು ಓದಿ ಬೆಳೆದವರು. ಇಲ್ಲಿ ನಮ್ಮ ಭಾಷೆಗೇ ಸಂಬಂಧಿಸಿದ ಒಂದು ಸ್ವಾರಸ್ಯವಿದೆ. ಇಂಗ್ಲಿಷಿನ ಟ, ಡಗಳು ನಮ್ಮ ಕಿವಿಗೆ ಮೂರ್ಧನ್ಯವಾಗಿ ಕೇಳುತ್ತವೆ, ಅದಕ್ಕೇ 'ಟೇಬಲ್', 'ಡಾಕ್ಟರ್'. ರಷ್ಯನ್ನರ ತ, ದಗಳು ಹಲ್ಲಿಗೆ ನಾಲಿಗೆ ತಾಗಿಸಿ ಆಡುವ ದಂತ್ಯಗಳು, ನಮ್ಮ ತಂದೆ, ದನ ಇದ್ದ ಹಾಗೆ. ಆದ್ದರಿಂದ ಕನ್ನಡ ಪುಟದಲ್ಲಿ 'ಟ್ವೆರ್', 'ಟಾಮ್ಸ್ಕ್', 'ವೋಲ್ಗೊಗ್ರಾಡ್' ಕಂಡರೆ ಆ ಹೆಸರು ಇಂಗ್ಲಿಷಿನ ಬಾಗಿಲಿನಿಂದ ಒಳಗೆ ಬಂದಿದೆ ಎಂದು ಹೇಳಬಹುದು. 'ಬುರ್ಗ್' ಹೋಗಿ 'ಬರ್ಗ್' ಆದದ್ದೂ ಅದೇ ಬಾಗಿಲಿನಲ್ಲಿ. ರಷ್ಯನ್ನಿಂದ ನೇರವಾಗಿ ಕನ್ನಡಕ್ಕೆ ಬಂದಿದ್ದರೆ 'ತ್ವೇರ್', 'ತೋಮ್ಸ್ಕ್'. ಟಾಲ್‌ಸ್ಟಾಯ್ ಕೂಡ ತಲ್‌ಸ್ತೋಯ್ ಆಗುತ್ತಿದ್ದರು. ಸೋವಿಯತ್ ಕಾಲದಲ್ಲಿ ಮಾಸ್ಕೋದಲ್ಲಿ ಅಚ್ಚಾಗಿ ಇಲ್ಲಿಗೆ ಬರುತ್ತಿದ್ದ ಕನ್ನಡ ಪುಸ್ತಕಗಳು ಕೈಗೆ ಸಿಕ್ಕರೆ ಈ ಕಣ್ಣಿನಿಂದ ಒಮ್ಮೆ ಹೆಸರುಗಳನ್ನು ಓದಿ ನೋಡಿ.

ಹಾಗೆಂದು ಪತ್ರಿಕೆಗಳನ್ನು ತಿದ್ದಲು ಹೊರಡಬೇಡಿ. 'ಮಾಸ್ಕೋ' ಕನ್ನಡದ ಹೆಸರು, ಇರಲಿ. ರಷ್ಯನ್ನರು ಬರೆಯುವುದು 'ಮೊಸ್ಕ್ವಾ', ಆಡುವಾಗ ಮೊದಲ ಒ ಸಡಿಲವಾಗಿ 'ಮಸ್ಕ್ವಾ' ಎಂದು ಕೇಳುತ್ತದೆ. ಮೂರನ್ನೂ ಇಡುತ್ತೇನೆ: ರೂಢಿಯದು, ಅಕ್ಷರಕ್ಕೆ ಅಕ್ಷರ ಬರೆದದ್ದು, ಉಚ್ಚಾರದ್ದು. ರೂಢಿಯ ರೂಪ ಹುಡುಕುವವರಿಗೆ ಬೇಕು, ಅಕ್ಷರಶಃ ರೂಪ ಹಿಂದಕ್ಕೆ ಸಿರಿಲಿಕ್‌ಗೆ ಹೋಗಬೇಕಾದವರಿಗೆ ಬೇಕು. ಮೂರನೆಯದು ಓದಿ ಹೇಳುವವರಿಗೆ. ಯಾವುದು 'ಸರಿ' ಎಂಬ ಜಗಳಕ್ಕೆ ನಾನು ಕೂರುವುದಿಲ್ಲ. ರಷ್ಯನ್ನರೂ ನಮ್ಮನ್ನು ಬಿಟ್ಟಿಲ್ಲ. ಅವರ ಲಿಪಿಯಲ್ಲಿ ನಮ್ಮ ಹಕಾರಕ್ಕೆ ಸರಿಯಾದ ಅಕ್ಷರವಿಲ್ಲ, ಹಿಮಾಲಯವನ್ನು ಅವರು 'ಗಿಮಲಾಯಿ' ಮಾಡಿಕೊಂಡಿದ್ದಾರೆ. ಗಂಗೆ 'ಗಾಂಗ್'. ನಾವು 2014ರ ನವೆಂಬರ್ 1ರಂದು ಹನ್ನೆರಡು ನಗರಗಳ ಇಂಗ್ಲಿಷ್ ಹೆಸರನ್ನು ಬದಲಿಸಿದೆವು. ಅದಕ್ಕೆ ಮೊದಲಿನ ರಷ್ಯನ್ ಭೂಪಟಗಳಲ್ಲಿ ಬೆಂಗಳೂರು 'ಬಾಂಗಲೋರ್' ಆಗಿ ಇದೆ, ಆ ಸಾಲನ್ನು ಅಳಿಸುವ ಹಕ್ಕು ನನಗಿಲ್ಲ.

ಲ್ಯಾಟಿನ್ ಲಿಪಿಗೆ ಬಂದರೆ ಗೋಜಲು ಇನ್ನೂ ಹೆಚ್ಚು. ಶ್ಚೆರ್ಬಕೋವ್ ಎಂಬ ಹೆಸರಿನ ಮೊದಲ ಅಕ್ಷರ ಸಿರಿಲಿಕ್‌ನಲ್ಲಿ ಒಂದೇ ಒಂದು. ಇಂಗ್ಲಿಷಿನವರು ಅದಕ್ಕೆ ನಾಲ್ಕು ಅಕ್ಷರ ಬಳಸುತ್ತಾರೆ, ಫ್ರೆಂಚರು ಐದು, ಜರ್ಮನ್ನರು ಏಳು. 1995ರ ಐಎಸ್‌ಒ 9 ಮಾನಕ ಮತ್ತೆ ಒಂದಕ್ಕೆ ಇಳಿಸಿತು, ತಲೆಯ ಮೇಲೆ ಟೊಪ್ಪಿಗೆ ಇಟ್ಟು. ಅಮೆರಿಕ ಮತ್ತು ಬ್ರಿಟನ್ನಿನ ಸ್ಥಳನಾಮ ಸಮಿತಿಗಳದ್ದು 1947ರ ಪದ್ಧತಿ, ವಿಶ್ವಸಂಸ್ಥೆ 1987ರಲ್ಲಿ ಒಪ್ಪಿದ್ದು ಸೋವಿಯತ್ತರದೇ ಇನ್ನೊಂದು ಪದ್ಧತಿ. ಒಂದು ಲ್ಯಾಟಿನ್ ಹೆಸರು ಸಿಕ್ಕಿದರೆ ಅದು ಯಾವ ಪದ್ಧತಿಯ ಕೂಸು ಎಂದು ಬರೆದಿಡದೆ ಸಿರಿಲಿಕ್‌ಗೆ ಮರಳಿಸಲು ಕೈ ಹಾಕಬಾರದು. ಯಂತ್ರ ಒಂದು ಕ್ಷಣದಲ್ಲಿ ಹತ್ತು ಪದ್ಧತಿಗಳಲ್ಲಿ ಬರೆದುಕೊಡುತ್ತದೆ, ಹುಡುಕಾಟಕ್ಕೆ ಅದು ಉಪಕಾರವೇ. ಆದರೆ ಯಂತ್ರ ಹುಟ್ಟಿಸಿದ ರೂಪಕ್ಕೆ 'ಹುಟ್ಟಿಸಿದ್ದು' ಎಂಬ ಮುದ್ರೆ ಬೇಕು. ಮುದ್ರೆ ಇಲ್ಲದಿದ್ದರೆ ನಾಳೆ ಯಾರೋ ಅದನ್ನು ಹಳೆಯ ನಕ್ಷೆಯಲ್ಲಿ ಇದ್ದ ಹೆಸರು ಎಂದು ಉಲ್ಲೇಖಿಸುತ್ತಾರೆ.

ಸಿರಿಲಿಕ್‌ನ ಒಳಗೇ ಎಲ್ಲ ನೆಟ್ಟಗಿದೆ ಎಂದುಕೊಳ್ಳಬೇಡಿ. ಯೊ ಎಂಬ ಅಕ್ಷರ ಯೆಕಾರದ ಮೇಲೆ ಎರಡು ಚುಕ್ಕಿ ಇಟ್ಟದ್ದು. ಅಚ್ಚಿನಲ್ಲಿ ಆ ಚುಕ್ಕಿಗಳನ್ನು ಬಿಡುವುದೇ ವಾಡಿಕೆ, ಓದುಗ ತಾನೇ ತುಂಬಿಕೊಳ್ಳುತ್ತಾನೆ. ಹೀಗೆ ಅರ್ಯೋಲ್ ಎಂಬ ಪಟ್ಟಣ ಹೊರಗಿನವರಿಗೆ ಓರೆಲ್ ಆಯಿತು, ಗರ್ಬಚೋವ್ ನಮಗೆಲ್ಲ ಗೋರ್ಬಚೆವ್ ಆದರು. 1918ರ ಕಾಗುಣಿತ ಸುಧಾರಣೆಗೆ ಮುಂಚಿನ ನಕ್ಷೆಗಳಲ್ಲಿ ಅರ್ಯೋಲ್‌ನ ಕೊನೆಗೆ ಉಚ್ಚಾರವೇ ಇಲ್ಲದ ಒಂದು ಗಟ್ಟಿ ಚಿಹ್ನೆಯೂ ಕೂತಿರುತ್ತದೆ. ಆ ಸುಧಾರಣೆ ಪದಾಂತ್ಯದ ಆ ಚಿಹ್ನೆಯನ್ನು ತೆಗೆಯಿತು, ಕೆಲವು ಅಕ್ಷರಗಳನ್ನು ಪೂರ್ತಿ ಕೈಬಿಟ್ಟಿತು. ಸೆಮ್ಯೋನೋವ್ ಸಂಪಾದಿಸಿದ ರಷ್ಯನ್ ಸಾಮ್ರಾಜ್ಯದ ಭೂಗೋಳ ನಿಘಂಟು, 1863ರಿಂದ 1885ರವರೆಗೆ ಐದು ಸಂಪುಟಗಳಲ್ಲಿ ಬಂದದ್ದು, ಪೂರ್ತಿ ಹಳೆಯ ಕಾಗುಣಿತದಲ್ಲಿದೆ. ಹಾಗೆ ಕಂಡದ್ದನ್ನು ಹಾಗೆಯೇ ಬರೆದುಕೊಳ್ಳಿ, ಹೊಸ ಕಾಗುಣಿತದ ರೂಪವನ್ನು ಪಕ್ಕದಲ್ಲಿಡಿ.

ಗಣಕಯಂತ್ರದ ಕಣ್ಣಿಗೆ ಮಾತ್ರ ಕಾಣುವ ತಪ್ಪುಗಳು ಬೇರೆಯೇ ಇವೆ. ಒಂದು ಮಧ್ಯಾಹ್ನವಿಡೀ ತೋಮ್ಸ್ಕ್ ನನಗೆ ಸಿಗಲಿಲ್ಲ. ತೆರೆಯ ಮೇಲೆ ಹೆಸರು ಎದುರಿಗೇ ಇದೆ, ಹುಡುಕಿದರೆ 'ಇಲ್ಲ' ಎನ್ನುತ್ತದೆ. ಕೊನೆಗೆ ಒಂದೊಂದು ಅಕ್ಷರದ ಯೂನಿಕೋಡ್ ಸಂಖ್ಯೆ ತೆಗೆಸಿ ನೋಡಿದೆ. ಸಿರಿಲಿಕ್ ಒ ಅಕ್ಷರದ ಸಂಖ್ಯೆ 1086. ಅಲ್ಲಿ ಕೂತಿದ್ದದ್ದು 111, ಲ್ಯಾಟಿನ್ ಒ. ಎರಡೂ ಒಂದೇ ಸೊನ್ನೆ, ಒಂದೇ ಅಚ್ಚು. ಬೆರಳಚ್ಚು ಮಾಡಿದವರು ಕೀಲಿಮಣೆಯ ಭಾಷೆ ಬದಲಿಸಲು ಒಂದು ಕ್ಷಣ ಮರೆತಿದ್ದರು. ಅಂದಿನಿಂದ ಒಂದೇ ಪದದಲ್ಲಿ ಎರಡು ಲಿಪಿ ಬೆರೆತರೆ ಕೆಂಪು ದೀಪ ಹೊತ್ತಿಸುವ ಒಂದು ಸಣ್ಣ ಪರೀಕ್ಷೆ ಇಟ್ಟಿದ್ದೇನೆ. ಕೋಶ ಕಟ್ಟುವವರು ಮೊದಲ ದಿನವೇ ಇದನ್ನು ಬರೆದುಕೊಳ್ಳಲಿ. ಹಾಗೆಯೇ ಯೊ ಅಕ್ಷರವನ್ನು 1105 ಎಂಬ ಒಂದೇ ಸಂಖ್ಯೆಯಾಗಿಯೂ ಇಡಬಹುದು, ಯೆಕಾರದ 1077ರ ಮೇಲೆ ಚುಕ್ಕಿಗಳ 776 ಸೇರಿಸಿಯೂ ಇಡಬಹುದು. ನಮ್ಮ 'ಕೊ' ಎತ್ವ ಮತ್ತು ಊತ್ವ ಸೇರಿಯೂ ಆಗಬಹುದು, ಒತ್ವ ಒಂದೇ ಆಗಿಯೂ ಬರಬಹುದು, ಅದೇ ಕಷ್ಟ. ಪಟ್ಟಿಗೆ ಸೇರಿಸುವ ಮುನ್ನ ಎಲ್ಲವನ್ನೂ ಒಂದೇ ರೂಪಕ್ಕೆ ತರುವ ಯೂನಿಕೋಡ್ ಕ್ರಮವಿದೆ, ಅದನ್ನು ಬಳಸಿ.

ಇದಕ್ಕಿಂತ ಕಾಡಿದ್ದು ಚೆಚನ್ ಭಾಷೆಯ 'ಪಾಲೊಚ್ಕಾ' ಎಂಬ ಅಕ್ಷರ. ರಷ್ಯನ್ ಭಾಷೆಯಲ್ಲಿ ಆ ಪದಕ್ಕೆ ಪುಟ್ಟ ಕೋಲು ಎಂದರ್ಥ, ನೋಡಲೂ ಒಂದು ನೆಟ್ಟ ಗೆರೆ. ಗ್ರೋಜ್ನಿ ನಗರದ ಚೆಚನ್ ಹೆಸರು ಸ್ಯೋಲ್ಜಾ ಗಾಲಾ. ಅದರಲ್ಲಿ ಗಾ ಎಂದು ನಾನು ಬರೆದ ಕಡೆ ಈ ಕೋಲು ಬರುತ್ತದೆ. ಯೂನಿಕೋಡ್‌ನಲ್ಲಿ ಅದಕ್ಕೆ 1216 ಎಂಬ ಸಂಖ್ಯೆ ಇದೆ, ಸಣ್ಣಕ್ಷರಕ್ಕೆ ಆಮೇಲೆ 1231 ಕೊಟ್ಟರು. ಆದರೆ ರಷ್ಯನ್ ಕೀಲಿಮಣೆಯಲ್ಲಿ ಅದಕ್ಕೆ ಕೀಲಿ ಇಲ್ಲ. ಜನ ಏನು ಮಾಡುತ್ತಾರೆ? ಒಂದು ಎಂಬ ಅಂಕಿ ಒತ್ತುತ್ತಾರೆ. ಇಲ್ಲದಿದ್ದರೆ ಲ್ಯಾಟಿನ್ನಿನ ದೊಡ್ಡ ಐ. ಅವರನ್ನು ಬೈಯುವುದರಲ್ಲಿ ಅರ್ಥವಿಲ್ಲ, ಕೈಗೆ ಎಟುಕುವ ಕೋಲು ಹಿಡಿದಿದ್ದಾರೆ. ಕೋಶವೇ ನಾಲ್ಕೂ ರೂಪಗಳನ್ನು ಒಂದೆಂದು ತಿಳಿದು ಹುಡುಕಿಕೊಡಬೇಕು. ನನ್ನ ಮೊದಲ ಪರೀಕ್ಷೆ, ಎರಡು ಲಿಪಿ ಬೆರೆತರೆ ಕೆಂಪು ದೀಪ ಎಂದೆನಲ್ಲ, ಅದು ಚೆಚನ್ ಊರುಗಳಿಗೆಲ್ಲ ಕೆಂಪು ದೀಪ ಹೊತ್ತಿಸಿತು. ನಿಯಮವನ್ನು ಭಾಷೆ ನೋಡಿ ಸಡಿಲಿಸಬೇಕಾಯಿತು.

ರಷ್ಯಾದ ಒಳಗೆ ರಷ್ಯನ್ ಒಂದೇ ಭಾಷೆಯಲ್ಲ ಎಂಬುದನ್ನು ಭೂಪಟ ಓದುವವರು ಸುಲಭವಾಗಿ ಮರೆಯುತ್ತಾರೆ. ರಷ್ಯನ್ನರ ಚೆಬೊಕ್ಸಾರಿ ಚುವಾಶರಿಗೆ ಶುಪಾಶ್ಕಾರ್. ಕಜಾನ್ ರಷ್ಯನ್ನಲ್ಲಿ ಕೊನೆಗೆ ಮೃದು ಚಿಹ್ನೆ ಹೊತ್ತಿದೆ, ತಾತಾರರು ಆ ಚಿಹ್ನೆಯಿಲ್ಲದೆ ಬರೆಯುತ್ತಾರೆ. ಆ ತಾತಾರರ ಬರವಣಿಗೆಯೋ 1920ರ ದಶಕದವರೆಗೆ ಅರಬ್ಬಿ ಲಿಪಿಯಲ್ಲಿತ್ತು, ಆಮೇಲೆ ಹತ್ತು ಹನ್ನೆರಡು ವರ್ಷ ಲ್ಯಾಟಿನ್, 1939ರಿಂದ ಸಿರಿಲಿಕ್. 1999ರಲ್ಲಿ ತಾತಾರ್‌ಸ್ತಾನ್ ಮತ್ತೆ ಲ್ಯಾಟಿನ್‌ಗೆ ಮರಳಲು ಕಾನೂನು ಮಾಡಿತು, 2002ರಲ್ಲಿ ರಷ್ಯಾ ಒಕ್ಕೂಟದ ಕಾನೂನು ಗಣರಾಜ್ಯಗಳ ಭಾಷೆಗಳಿಗೆ ಸಿರಿಲಿಕ್ಕೇ ಆಗಬೇಕೆಂದು ಗೆರೆ ಎಳೆಯಿತು. ಒಂದೇ ಭಾಷೆಯ ಒಂದೇ ಹೆಸರಿಗೆ ಮೂರು ಲಿಪಿ. ಭಾಷೆಯ ಖಾನೆ ಮತ್ತು ಲಿಪಿಯ ಖಾನೆಯನ್ನು ಬೇರೆ ಬೇರೆ ಇಡಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ದೂರಪೂರ್ವದಲ್ಲಿ ಇನ್ನೊಂದು ಬಗೆ. 1906ರಲ್ಲಿ ವ್ಲಾದಿಮಿರ್ ಅರ್ಸೆನ್ಯೆವ್ ಉಸ್ಸೂರಿ ಸೀಮೆಯ ಕಾಡುಗಳಲ್ಲಿ ಅಲೆದು ಬರೆದ ಪುಟಗಳಲ್ಲಿ ಲೆಫು, ದಾವುಬಿಹೆ, ಇಮಾನ್ ಎಂಬ ನದಿಗಳು ಹರಿಯುತ್ತವೆ. ಇವತ್ತಿನ ನಕ್ಷೆ ಬಿಡಿಸಿದರೆ ಒಂದೂ ಇಲ್ಲ. 1969ರ ಚೀನಾ ಗಡಿ ಘರ್ಷಣೆಯ ನಂತರ, 1972ರಲ್ಲಿ, ಆ ಸೀಮೆಯಲ್ಲಿ ಚೀನೀ ಮೂಲದ ಹೆಸರುಗಳನ್ನು ರಾಶಿರಾಶಿಯಾಗಿ ಬದಲಿಸಿದರು. ಲೆಫು ಈಗ ಇಲಿಸ್ತಾಯಾ, ಇಮಾನ್ ನದಿ ಬೋಲ್ಷಾಯಾ ಉಸ್ಸೂರ್ಕಾ. ದಾವುಬಿಹೆಗೆ ಆ ಬರಹಗಾರನದೇ ಹೆಸರು ಬಿತ್ತು, ಅರ್ಸೆನ್ಯೆವ್ಕಾ. ಅವನಿಗೆ ಗೌರವವೇ, ಆದರೆ ಅವನ ಪುಸ್ತಕ ಹಿಡಿದು ಅವನ ನದಿ ಹುಡುಕುವವನಿಗೆ ದಾರಿ ತಪ್ಪಿತು. ಗಡಿಯಾಚೆ ಚೀನಾ 2023ರಲ್ಲಿ ತನ್ನ ನಕ್ಷೆಗಳಲ್ಲಿ ವ್ಲಾದಿವೊಸ್ತೋಕ್ ಪಕ್ಕದಲ್ಲಿ ಹೈಶೆನ್‌ವಾಯ್ ಎಂಬ ಹಳೆಯ ಚೀನೀ ಹೆಸರನ್ನೂ ಹಾಕಬೇಕೆಂದು ನಿಯಮ ತಂದಿತು. ಯಾರ ಪರವೂ ಮಾತಾಡುವುದು ಕೋಶದ ಕೆಲಸವಲ್ಲ. ಯಾರು, ಯಾವಾಗ, ಏನೆಂದು ಕರೆದರು ಎಂದು ಬರೆದರೆ ಸಾಕು.

ನಕ್ಷೆಯ ಚುಕ್ಕಿಯನ್ನಾದರೂ ನಂಬಬಹುದಲ್ಲ ಎಂದು ಕೇಳುತ್ತೀರಿ. 1988ರಲ್ಲಿ ಸೋವಿಯತ್ ಭೂಪಟ ಇಲಾಖೆಯ ಮುಖ್ಯಸ್ಥ ವಿಕ್ತರ್ ಯಾಶ್ಚೆಂಕೊ, ಸಾರ್ವಜನಿಕರಿಗೆ ಮಾರುತ್ತಿದ್ದ ನಕ್ಷೆಗಳನ್ನು ಬೇಕೆಂದೇ ತಿರುಚಲಾಗಿತ್ತು ಎಂದು ಒಪ್ಪಿಕೊಂಡರು. ಸಾರೋವ್‌ನಂಥ ಮುಚ್ಚಿದ, ಎಂದರೆ ಹೊರಗಿನವರು ಹೋಗಲಾಗದ, ಊರುಗಳು ನಕ್ಷೆಯಲ್ಲೇ ಇರಲಿಲ್ಲ. ಅಂಚೆಗೆ ಅದು ಅರ್ಜಮಾಸ್-16, ಬೇರೆ ಊರಿನ ಹೆಸರಿಗೆ ಒಂದು ಅಂಕಿ ಅಂಟಿಸಿದ್ದು. ಆದ್ದರಿಂದ ಅಕ್ಷಾಂಶ, ರೇಖಾಂಶಗಳಿಗೂ ಮೂಲ ಬರೆಯಿರಿ. ಈಗ ರಷ್ಯಾದಲ್ಲಿ 1997ರ ಒಂದು ಕಾನೂನಿನಡಿ ಸರ್ಕಾರಿ ಸ್ಥಳನಾಮ ಪಟ್ಟಿ ಇದೆ, ಇಂದಿನ ಅಧಿಕೃತ ರೂಪಕ್ಕೆ ಅದೇ ಆಧಾರ. ನಿನ್ನೆಯ ರೂಪಕ್ಕೆ ಅದು ಸಾಲದು.

ಕೊನೆಯದಾಗಿ ಮತ್ತೆ ವಿಭಕ್ತಿಗೆ ಬರುತ್ತೇನೆ. 'ವ್ ಪುಷ್ಕಿನೆ' ಎಂದು ಒಂದು ಪತ್ರದಲ್ಲಿದೆ, ಯಾವ ಊರಿನಲ್ಲಿ? ಪೆತೆರ್‌ಬುರ್ಗ್ ಪಕ್ಕದ ಪುಷ್ಕಿನ್ ಇರಬಹುದು. ಅದು ಹಿಂದೆ ತ್ಸಾರ್ಸ್ಕೊಯೆ ಸೆಲೊ, 1918ರಿಂದ ದೆತ್‌ಸ್ಕೊಯೆ ಸೆಲೊ, 1937ರಿಂದ ಕವಿಯ ಹೆಸರು. ಮಾಸ್ಕೋ ಪ್ರಾಂತ್ಯದ ಪುಷ್ಕಿನೊ ಕೂಡ ಇರಬಹುದು. ಪ್ರತ್ಯಯ ಹತ್ತಿದ ಮೇಲೆ ಎರಡೂ ಒಂದೇ. ಇದೇ ಪೇಚಿನಿಂದ ತಪ್ಪಿಸಿಕೊಳ್ಳಲು ರಷ್ಯಾದ ಭೂಗೋಳಜ್ಞರೂ ಸೈನಿಕರೂ ಒಕಾರಾಂತ ಊರುಗಳಿಗೆ ಪ್ರತ್ಯಯವನ್ನೇ ಹಚ್ಚದೆ ಬರೆಯುವುದನ್ನು ರೂಢಿ ಮಾಡಿಕೊಂಡರು. ವ್ಯಾಕರಣ ಪಂಡಿತರು ಮೂಗು ಮುರಿದರು. ಅಂಥ ಪತ್ರ ಸಿಕ್ಕಾಗ ನಾನು ಎರಡೂ ಊರುಗಳ ಕಡೆ ಕೊಂಡಿ ಹಾಕಿ, 'ತೀರ್ಮಾನವಾಗಿಲ್ಲ' ಎಂದು ಬರೆದು ಮುಂದೆ ಹೋಗುತ್ತೇನೆ.

(ಮಾತು ಮುಗಿದ ಮೇಲೆ ರಾಯಚೂರಿನ ಆ ವಿದ್ಯಾರ್ಥಿನಿ ಮುಂದೆ ಬಂದು, "ನಮ್ಮ ಊರಿನ ಸಂಖ್ಯೆಯ ಕೆಳಗೆ ರಾಚ್ಯುರ್ ಸೇರಿಸುತ್ತೀರಾ ಸರ್?" ಎಂದು ಕೇಳಿದರು. ಅಲ್ಲಿಯೇ ಲ್ಯಾಪ್‌ಟಾಪ್ ತೆರೆದು ಸಾಲು ಹಾಕಿದೆವು. ಭಾಷೆ: ಹಳೆಯ ರಷ್ಯನ್. ಲಿಪಿ: 220. ಕಾಲ: ಹದಿನೈದನೆಯ ಶತಮಾನ. ಕಂಡ ರೂಪ: ವ್ ರಾಚ್ಯುರೆ. ಪ್ರಥಮಾ ರೂಪದ ಖಾನೆಗೆ ಬಂದಾಗ ಅವರೇ ನನ್ನ ಕೈ ತಡೆದು, "ಅದು ಊಹೆ ಅಲ್ಲವೇ ಸರ್?" ಎಂದರು. ಖಾಲಿ ಬಿಟ್ಟೆವು.)